ಏರಿಸಿದ ದಿನದ ಸದ್ದು

“ಗುರುಗಳೇ, ಮನಸ್ಸು ನೋಯಿಸದೆ ಒಬ್ಬರ ಒಳಗನ್ನು ತಿಳಿಯುವುದು ಹೇಗೆ?” ಎಂದು ಶಿಷ್ಯ ಚನ್ನವೀರ ಕೇಳಿದ. “ಬಹಳ ವರ್ಷ ಪರ ಊರಲ್ಲಿದ್ದ ನನ್ನ ತಮ್ಮ ಈರಣ್ಣ ಮನೆಗೆ ಮರಳಿದ್ದಾನೆ. ಮೂಲೆ ಹಿಡಿದು ಕೂರುತ್ತಾನೆ, ಮಾತಿಲ್ಲ. ಏನಾಯಿತೋ ಎಂದರೆ ‘ಏನಿಲ್ಲ ಬಿಡಣ್ಣ’ ಎನ್ನುತ್ತಾನೆ. ಅದು ಅವನ ಸ್ವಭಾವವೇ ಆದರೆ ಸುಮ್ಮನಿರುತ್ತೇನೆ. ಒಳಗೇನೋ ಮುರಿದಿದ್ದರೆ ಹೇಗೆ ಸುಮ್ಮನಿರಲಿ? ಚಿಕ್ಕಂದಿನಲ್ಲಿ ಎಷ್ಟು ಚೆನ್ನಾಗಿದ್ದೆವು! ಒಂದೇ ಕಂಬಳಿ, ಒಂದೇ ತಟ್ಟೆ, ದಿನವೂ ಬಾವಿಯಲ್ಲಿ ಈಜು...” ಅವನು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ.

“ಸಾಕು ಮಾರಾಯ, ನೀನು ಅತ್ತರೆ ನನಗೂ ಅಳು ಬರುತ್ತದೆ. ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಒಡೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದ. ಅದು ಎಷ್ಟೋ ವರ್ಷ ತಿರುಗಿತು. ಅದರ ಬುಡದಲ್ಲಿ ಕುರಿಗಾಹಿಗಳ ಹಟ್ಟಿ ಇತ್ತು. ರೆಕ್ಕೆ ಮುರಿದು ಬಿದ್ದರೆ ಅವರ ಗತಿ ಏನು? ಗಾಳಿಕಾಲ ಹತ್ತಿರವಾದಾಗ ಒಡೆಯನಿಗೆ ದಿಗಿಲು ಹತ್ತಿತು. ಒಬ್ಬ ಪರೀಕ್ಷಕನನ್ನು ಕರೆಸಿದ.

ರೆಕ್ಕೆಯ ಒಳಗು ಹೇಗಿದೆಯೆಂದು ಕೊಯ್ದು ನೋಡಲು ಅದೇನು ಕಲ್ಲಂಗಡಿಯೇ? ಕೊಯ್ದರೆ ಗಟ್ಟಿ ರೆಕ್ಕೆಯೂ ಕೆಟ್ಟೀತು. ಪರೀಕ್ಷಕ ಹಗ್ಗದಲ್ಲಿ ಜೋತು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಕಿವಿಗೊಟ್ಟ. ಎಲ್ಲ ಕಡೆ ಟಕ್ ಎಂದಿತು. ಒಂದು ಕಡೆ ಮಾತ್ರ ದಬ್ ಎಂದಿತು.

ಅವನು ಇಳಿದು ಬಂದು ಹೇಳಿದ: “ಒಳಗೆ ದಪ್ಪಗಿದ್ದರೂ ಹೀಗೇ ಕೇಳುತ್ತದೆ, ಅಂಟಿಸಿದ ಪದರಗಳು ಬಿಟ್ಟುಕೊಂಡಿದ್ದರೂ ಹೀಗೇ ಕೇಳುತ್ತದೆ. ಮೊದಲಿನಿಂದಲೇ ಹೀಗಿದ್ದರೆ ಭಯವಿಲ್ಲ. ರೆಕ್ಕೆ ಏರಿಸುವ ದಿನ ಯಾರಾದರೂ ತಟ್ಟಿ ಕೇಳಿದ್ದಿರಾ?”

ಒಡೆಯನ ಮುಖ ಅರಳಿತು. “ಅಯ್ಯೋ, ಆ ದಿನ ಕಣ್ಣಿಗೆ ಕಟ್ಟಿದ ಹಾಗಿದೆ! ರೆಕ್ಕೆಗೆ ಚೆಂಡುಹೂವಿನ ಹಾರ ಹಾಕಿದ್ದೆವು. ನಮ್ಮವ್ವ ಅದರ ಮೈಮೇಲೆ ಕೈಯಾಡಿಸಿ ದೃಷ್ಟಿ ತೆಗೆದಳು. ಬ್ಯಾಂಡಿನವರು ಬಾರಿಸಿದ್ದೇ ಬಾರಿಸಿದ್ದು. ಆ ಕಾಲವೇ ಬೇರೆ ಬಿಡಿ!”

“ಸರಿ, ಅದರ ಸದ್ದು?”

“ಆ ಗಲಾಟೆಯಲ್ಲಿ ಅದನ್ನು ಯಾರು ಕೇಳುತ್ತಾರೆ ಸ್ವಾಮಿ?”

ಹಟ್ಟಿಯವರ ಜೀವದ ಪ್ರಶ್ನೆ. ಪರೀಕ್ಷಕ ಯಂತ್ರ ನಿಲ್ಲಿಸಿಬಿಟ್ಟ. ಆ ವರ್ಷದ ಗಾಳಿಯೆಲ್ಲ ಸುಮ್ಮನೆ ಬೀಸಿ ಹೋಯಿತು. ಒಡೆಯ ಅದರ ಕೆಳಗೆ ಕುಳಿತು ಬಂದವರಿಗೆಲ್ಲ ಹಾರದ ಕತೆ, ಬ್ಯಾಂಡಿನ ಕತೆ ಹೇಳುತ್ತಿದ್ದ.

ಗುರುಗಳು ನಿಲ್ಲಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ. “ಹಾಗಾದರೆ ರೆಕ್ಕೆ ಕೆಟ್ಟಿತ್ತೋ, ಇಲ್ಲವೋ?”

“ಅದಿರಲಿ, ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದಾಗ ನಿನ್ನ ತಮ್ಮ ಮಾತುಗಾರನೋ, ಮೌನಿಯೋ?”

ಚನ್ನವೀರ ಬಾಯಿ ತೆರೆದ. ಕಂಬಳಿ ನೆನಪಾಯಿತು, ತಟ್ಟೆ ನೆನಪಾಯಿತು, ಬಾವಿ ನೆನಪಾಯಿತು. ತಮ್ಮನ ದನಿ ನೆನಪಾಗಲಿಲ್ಲ.