ಸೀರೆ ಉಳಿಸಿದ ಸೀಮೆಸುಣ್ಣ

ದರ್ಜಿ ಹುಸೇನ್‌ಬಿ ಒಂದು ಹಳೆಯ ಸೀರೆಯ ಇನ್ನೂ ಗಟ್ಟಿಯಾಗಿದ್ದ ಭಾಗವನ್ನು ಮೇಜಿನ ಮೇಲೆ ಹರಡಿದಳು. ಅದರಲ್ಲಿ ಸೀರೆ ಕೊಟ್ಟವರ ಮನೆಯ ಪುಟ್ಟ ಅಕ್ಕತಂಗಿಯರಿಬ್ಬರಿಗೂ ಫ್ರಾಕು ಆಗಬೇಕಿತ್ತು.

"ಒಬ್ಬಳಿಗೆ ಸಾಕಾದೀತು. ಉಳಿದದ್ದು ಚಿಂದಿ. ಶುರುಮಾಡಲೇ?" ಎಂದಿತು ಕತ್ತರಿ.

"ತಡಿ ತಮ್ಮಾ," ಎಂದಿತು ಸೀಮೆಸುಣ್ಣ. "ನನ್ನ ಗೆರೆ ತಪ್ಪಿದರೆ ಒರೆಸಬಹುದು. ನೀನು ತಪ್ಪಿದರೆ ಬಟ್ಟೆಯೇ ಹೋಯಿತು."

ಹುಸೇನ್‌ಬಿಯ ಕೈಯಲ್ಲಿ ಅದು ಮೂರು ಸಲ ಗೆರೆ ಎಳೆಯಿತು. ಕೊನೆಗೆ ತೋಳುಗಳನ್ನು ತಲೆಕೆಳಗಾಗಿ ಬರೆದಾಗ ಎರಡು ಫ್ರಾಕಿಗೂ ಜಾಗ ಸಿಕ್ಕಿತು. ಕತ್ತರಿ ಗೆರೆಯ ಮೇಲೆಯೇ ನಡೆಯಿತು. ಕೆಳಗೆ ಬಿದ್ದದ್ದು ಒಂದು ಹಿಡಿ ಚೂರು.

"ಚಿಂದಿ ಬುಟ್ಟಿಗೆ ಬೀಳಬೇಕಾದವಳು ಮಕ್ಕಳಿಬ್ಬರ ಮೈಮೇಲೆ ಬದುಕುತ್ತೇನೆ. ನಿನ್ನ ಉಪಕಾರ ಮರೆಯಲಾರೆ ಅಕ್ಕಾ. ನನಗಾಗಿ ಉಗುರಿನಷ್ಟು ಸವೆದೆಯಲ್ಲ!" ಎಂದಿತು ಸೀರೆ.

ಮರುದಿನ ಇನ್ನೊಂದು ಬಟ್ಟೆ ಬಂತು. ಕತ್ತರಿ ಅಲಗುಗಳನ್ನು ಮುಚ್ಚಿಕೊಂಡು, "ಅಕ್ಕಾ, ಮೊದಲು ನೀನು," ಎಂದಿತು.