ಕೂಸಿನ ಹತ್ತು ಉಗುರು

“ಗುರುಗಳೇ, ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ನೋಡಿದರೆ ತಪ್ಪೇನು?” ಎಂದು ಮರಿದೇವ ಕೇಳಿದ. ಅವನು ಪಂಚಾಂಗ ಬಿಚ್ಚದೆ ಹೊಸಿಲು ದಾಟದ ಶಿಷ್ಯ.

“ಮೊದಲು ಕುಳಿತುಕೋ. ಕುಳಿತುಕೊಳ್ಳುವುದಕ್ಕೆ ಮುಹೂರ್ತ ಬೇಡ ತಾನೇ?” ಎಂದು ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಹಾಲು ಮಾರುವವನೊಬ್ಬನಿದ್ದ. ಅವನ ಮೊದಲ ಎರಡು ಕೂಸುಗಳು ಉಳಿಯಲಿಲ್ಲ. ಮೂರನೆಯದು ಉಳಿಯಿತು, ತಪ್ಪುಹೆಜ್ಜೆ ಇಡತೊಡಗಿತು. ಅತ್ತೆ, ಸೊಸೆ ಇಬ್ಬರೂ ಜೀವ ಕೈಯಲ್ಲಿ ಹಿಡಿದುಕೊಂಡು ಅದನ್ನು ಸಾಕಿದರು. ತುತ್ತಿಡುವ ಮೊದಲು ಅತ್ತೆ ತಾನೇ ಅದರ ಕೈ ತೊಳೆಯುತ್ತಿದ್ದಳು. ಅಂಗೈ ಬೆಳ್ಳಗಾಗುತ್ತಿತ್ತು. ಆದರೆ ಕೂಸಿನ ಆಟವೆಲ್ಲ ಕೊಟ್ಟಿಗೆಯಲ್ಲಿ. ಬೆಳೆದ ಉಗುರಿನ ಸಂದಿಯಲ್ಲಿ ಸಗಣಿ ಕಪ್ಪಗೆ ಕೂತಿರುತ್ತಿತ್ತು. ಬೆರಳು ಸದಾ ಬಾಯಲ್ಲಿರುತ್ತಿತ್ತು.

ಒಂದು ಮಂಗಳವಾರ ಸೊಸೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತ್ತರಿ ಹಿಡಿದಳು. ಅತ್ತೆ ಓಡಿಬಂದು ಅದನ್ನು ಕಿತ್ತುಕೊಂಡಳು.

“ಮಂಗಳವಾರ ಯಾರಾದರೂ ಉಗುರು ತೆಗೀತಾರೇನೇ? ಎರಡು ಕಳ್ಕೊಂಡಿದ್ದು ಸಾಲದೇ?”

“ಹಾಗಲ್ಲ ಅತ್ತೆ, ಕೊಳೆಯೆಲ್ಲ ಹೊಟ್ಟೆಗೆ ಹೋಗ್ತಿದೆ.”

“ಒಂದು ದಿನಕ್ಕೆ ಏನಾಗತ್ತೆ? ನಾಳೆ ತೆಗೆದರಾಯ್ತು.”

ಬುಧವಾರ ಕೂಸಿನ ಜನ್ಮನಕ್ಷತ್ರ ಬಂತು. ಗುರುವಾರ ಹಸು ಕರು ಹಾಕಿತು. ಆ ಗಡಿಬಿಡಿ ಮುಗಿಯುವಷ್ಟರಲ್ಲಿ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಉಗುರು ತೆಗೆಯುವಂತಿಲ್ಲ. ಶುಕ್ರವಾರ ತೆಗೆದರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ. ಶನಿವಾರ ಸೊಸೆ ಮತ್ತೆ ಕತ್ತರಿಯ ಕಡೆ ನೋಡಿದಳು. ಅತ್ತೆ ಸೊಸೆಯ ಕಡೆ ನೋಡಿದಳು. ಅಷ್ಟೇ. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಮರಿದೇವ.

ಅಂದು ಸಂಜೆಯೇ ಕೂಸಿಗೆ ವಾಂತಿ ಭೇದಿ ಹತ್ತಿಕೊಂಡಿತು. ವೈದ್ಯ ಬರುವಷ್ಟರಲ್ಲಿ ಕಣ್ಣು ಗುಳಿಬಿದ್ದಿದ್ದವು. ಅವನು ನಾಡಿ ಹಿಡಿದ. ಆಮೇಲೆ ಬೆರಳ ತುದಿ ನೋಡಿ, “ವಿಷ ಇಲ್ಲೇ ಕೂತಿದೆಯಲ್ಲ, ತಾಯಿ” ಎಂದ. ಅವನು ಕೊಟ್ಟ ಮದ್ದು ಮೂರು ರಾತ್ರಿಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಾಲಿನವನ ಮನೆಯ ಕೂಸು ಕೊನೆಗೆ ಒಂದು ಹನಿ ಹಾಲೂ ಗಂಟಲಿಗಿಳಿಯದೆ ಪ್ರಾಣ ಬಿಟ್ಟಿತು.

ಮಣ್ಣಿಗೆ ಒಯ್ಯುವ ಮೊದಲು ಅತ್ತೆ ಒಳಗೆ ಹೋದಳು. ಕತ್ತರಿ ತಂದು ತಾನೇ ಸೊಸೆಯ ಕೈಗಿಟ್ಟಳು. ಸೊಸೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹತ್ತೂ ಉಗುರು ತೆಗೆದಳು. ಕೂಸು ಕೈ ಎಳೆದುಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ಕಣ್ಣೊರೆಸಿಕೊಂಡ. ಆದರೂ ಹಳೆಯ ಚಾಳಿ, ಬಾಯಿಂದ ಮಾತು ಜಾರಿತು.

“ಉಗುರು ತೆಗೆದದ್ದು ಯಾವ ವಾರ, ಗುರುಗಳೇ?”

“ಮಂಗಳವಾರ” ಎಂದರು ಗುರುಗಳು.