ಸಾತವ್ವ ಹಿಡಿದಿದ್ದ ಆಕಾಶ

ಮಕ್ಕಳೇ, ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಮೀಸೆಯೇ ಇಲ್ಲವಲ್ಲ ಮಾಮ ಅನ್ನಬೇಡಿ. ಇತ್ತು. ಹೋದ ವರ್ಷ ಒಂದು ಹುಲಿಗೆ ಹಲ್ಲುಜ್ಜಲು ಬ್ರಷ್ ಬೇಕಾಗಿತ್ತು, ಕಿತ್ತು ಕೊಟ್ಟುಬಿಟ್ಟೆ. ಅಂಥ ಸತ್ಯವಂತ ನಾನು. ಇನ್ನು ಕೇಳಿ.

ಕರಿಬಂಡೆ ಅಂತ ಒಂದು ಬೆಟ್ಟ. ಅದರ ಮೈಮೇಲೆ ಮೆಟ್ಟಿಲುಮೆಟ್ಟಿಲಾಗಿ ಕಲ್ಲಿನ ಜಗಲಿಗಳು. ಜಗಲಿಗೊಂದು ಹದ್ದಿನ ಗೂಡು. ಬೆಟ್ಟದ ಕೆಳಗೆ ಹುಲ್ಲಿನ ಬಯಲು. ಬಯಲಿನಲ್ಲಿ ನೆಲದೊಳಗೆ ಬಿಲ ತೋಡಿಕೊಂಡು ನರಿಗಳಿದ್ದವು. ನೆಲದ ಮೇಲೆ, ಬಿಲವೂ ಇಲ್ಲ ಬಾಗಿಲೂ ಇಲ್ಲದೆ, ಮೊಲಗಳು, ಗೌಜಲಹಕ್ಕಿಗಳು, ಮತ್ತು ಟಿಟ್ಟಿಭದ ಹಕ್ಕಿ ಸಾತವ್ವ.

ಟಿಟ್ಟಿಭ ಮರ ಹತ್ತುವ ಹಕ್ಕಿಯಲ್ಲ. ಬರಿ ನೆಲದಲ್ಲೇ ಸುತ್ತ ಬೆಣಚುಕಲ್ಲು ಜೋಡಿಸಿ ಮೊಟ್ಟೆ ಇಡುತ್ತದೆ. ಅದರ ಜೊತೆಗೆ ಸಾತವ್ವನಿಗೆ ಹಿರಿಯರಿಂದ ಬಂದ ಒಂದು ಪದ್ಧತಿ: ಮೊಟ್ಟೆಗಳ ಪಕ್ಕ ಅಂಗಾತ ಮಲಗಿ ತನ್ನ ಹಳದಿ ಕಾಲೆರಡನ್ನೂ ಮೇಲಕ್ಕೆ ಚಾಚುವುದು. ಆಕಾಶ ಬಿದ್ದರೆ ಹಿಡಿಯಬೇಕಲ್ಲ!

ಬಯಲಿಗೆ ಬಯಲೇ ನಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ದುಗ್ಗಣ್ಣ. ಕರಿಬಂಡೆಯ ತೀರಾ ಕೆಳಗಿನ ಜಗಲಿ ಈ ಹದ್ದಿನದು. ಹೆಂಡತಿ ಇಲ್ಲ. ಒಂದೇ ಮರಿ, ಇನ್ನೂ ರೆಕ್ಕೆ ಬಲಿಯದ್ದು.

"ಸಾತವ್ವ, ಇವತ್ತು ಆಕಾಶ ಎಷ್ಟು ಭಾರ ಇದೆ?" ಅಂತ ದಿನಾ ಮೇಲಿಂದ ಕೂಗುತ್ತಿದ್ದ.

"ನೀನು ಅದರಲ್ಲಿ ಹಾರಾಡೋ ಹೊತ್ತಿಗೆ ಸ್ವಲ್ಪ ಜಾಸ್ತಿ, ಅಣ್ಣ. ಊಟ ಕಡಿಮೆ ಮಾಡು," ಅನ್ನುತ್ತಿದ್ದಳು ಅವಳು, ಕಾಲು ಇಳಿಸದೆ.

ನಗುತ್ತಿದ್ದರೂ ಹದ್ದುಗಳು ನಂಬಿದ್ದು ಅವಳನ್ನೇ. ನರಿಯೊಂದು ಬಿಲದಿಂದ ಮೂತಿ ಹೊರಹಾಕಿದರೆ ಸಾಕು, ಸಾತವ್ವ ಬೆಟ್ಟ ಬಿರಿಯುವಂತೆ ಅರಚುತ್ತಿದ್ದಳು. ಹದ್ದುಗಳು ಎದ್ದು ಮರಿಗಳನ್ನು ಕಾಯುತ್ತಿದ್ದವು.

ಗಾಳಿ ಎದ್ದ ಒಂದು ಸಂಜೆ ಆ ಅರಚಾಟ ಬಂಡೆಗೆ ಮುಟ್ಟಲಿಲ್ಲ. ನರಿಗಳು ಹತ್ತಿ ಬಂದು ದುಗ್ಗಣ್ಣನ ಪಕ್ಕದ ಜಗಲಿಯ ಗೂಡು ಬರಿದು ಮಾಡಿ ಹೋದವು.

ಹದ್ದುಗಳು ಕೊತಕೊತ ಕುದಿದವು. ಅವುಗಳ ಸೇನೆಯ ಯಜಮಾನ ಮುದಿ ರಣಹದ್ದು. ಎಲ್ಲರೂ ಅವನನ್ನು ದಳವಾಯಿ ಅನ್ನುತ್ತಿದ್ದರು. "ಕಲ್ಲು ಎತ್ತಿ," ಅಂದ ದಳವಾಯಿ. ಎತ್ತಿದವು. ಒಂದೊಂದು ಕಲ್ಲು ತೆಂಗಿನಕಾಯಿ ಗಾತ್ರ. ಹುಬ್ಬೇರಿಸಬೇಡಿ, ಆಗಿನ ಹದ್ದುಗಳ ಮೂಳೆಯೇ ಹಾಗಿತ್ತು.

ಮೊದಲ ದಿನ ತಗ್ಗಿನಲ್ಲಿ ಹಾರಿ ನೋಡಿ ನೋಡಿ ಕಲ್ಲು ಬಿಟ್ಟವು. ಒಂದು ನರಿ ಸತ್ತಿತು. ಆದರೆ ಉಳಿದ ನರಿಗಳು ಎಗರಿ ಎರಡು ಹದ್ದುಗಳನ್ನು ಹಿಡಿದು ಸೀಳಿದವು. ಸತ್ತ ಹದ್ದುಗಳ ಪುಕ್ಕ ಹಾರಿ ಬಂದು ದುಗ್ಗಣ್ಣನ ಮೈಮೇಲೆ ಬಿತ್ತು.

"ನಾಳೆಯಿಂದ ಮೋಡದ ಹತ್ತಿರ ಹಾರಿ," ಅಂದ ದಳವಾಯಿ. "ಕಲ್ಲು ಹೊರುವವನೊಬ್ಬ, ಗುರಿ ನೋಡುವವನೊಬ್ಬ. ನೋಡುವವನು 'ಬಿಡು' ಅಂದ ಕೂಡಲೆ ಹೊರುವವನು ಬಿಡಬೇಕು. ಬಿಟ್ಟವನು ಕತ್ತು ಬಗ್ಗಿಸಿ ಕೆಳಗೆ ನೋಡಬಾರದು. ಹಿಂತಿರುಗಿ ಬಂದು 'ನರಿ ಬಿತ್ತು' ಅನ್ನಬೇಕು, ಅಷ್ಟೇ."

ದುಗ್ಗಣ್ಣನಿಗೆ ಗುರಿ ನೋಡಲು ಸಿಕ್ಕವಳು ನಾಗಿ. ಬೆಟ್ಟದ ತುದಿಯಲ್ಲೇ ಹುಟ್ಟಿ ಬೆಳೆದ ಹುಡುಗಿ; ಬಯಲಿಗೆ ಒಮ್ಮೆಯೂ ಇಳಿದವಳಲ್ಲ.

"ಬಿಡು!" ಅನ್ನುತ್ತಿದ್ದಳು ನಾಗಿ. ಇವನು ಬಿಡುತ್ತಿದ್ದ. ಕಾಲು ಹಗುರ. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ದಪ್ ಅಂತ ಒಂದು ಸದ್ದು, ಯಾರೋ ಪಕ್ಕದ ಮನೆಯಲ್ಲಿ ಮಣೆ ಹಾಕಿದ ಹಾಗೆ. "ನರಿ ಬಿತ್ತು!" ಅಂತ ಇಬ್ಬರೂ ಹೇಳಿ ಊಟಕ್ಕೆ ಕೂರುತ್ತಿದ್ದರು.

ಒಂದು ದಿನ ಹಣ್ಣುಹಣ್ಣಾದ ಮುದಿ ಮೊಲವೊಂದು ಕುಂಟುತ್ತಾ ಬಂಡೆಯ ಬುಡಕ್ಕೆ ಬಂತು. "ದಳವಾಯಿಗಳೇ, ನರಿಗಳು ಬಿಲದಲ್ಲಿ ಬೆಚ್ಚಗೆ ಮಲಗಿವೆ. ಕಲ್ಲು ಬೀಳ್ತಿರೋದು ಬಿಲ ಇಲ್ಲದ ನಮ್ಮ ಮೇಲೆ. ನನ್ನ ಮಕ್ಕಳು ಇಬ್ಬರು ಹೋದರು."

"ಹಾಗಿದ್ದರೆ ನರಿಗಳನ್ನ ನೀವೇ ಓಡಿಸಿ. ನಾವು ನಿಲ್ಲಿಸ್ತೀವಿ."

"ಮೊಲ ನರಿಯನ್ನ ಓಡಿಸೋದೇ, ಸ್ವಾಮಿ?"

"ಮತ್ತೆ ಅವುಗಳ ಪಕ್ಕದಲ್ಲಿ ಯಾಕೆ ಬದುಕ್ತೀರಿ?" ಅಂದು ದಳವಾಯಿ ಕಣ್ಣು ಮುಚ್ಚಿಕೊಂಡ.

ಅವತ್ತು ದುಗ್ಗಣ್ಣ ಊಟ ಪಕ್ಕಕ್ಕಿಟ್ಟು ಕೇಳಿದ. "ನಾಗೀ, ನಿನ್ನೆ ನಾವು ಬಿಟ್ಟದ್ದು ನರಿ ಮೇಲೇ ತಾನೆ?"

"ನರಿಯೇ."

"ಬಾಲ ಕಂಡೆಯಾ?"

"ಅಷ್ಟು ಎತ್ತರದಿಂದ ಬಾಲ ಎಲ್ಲಿ ಕಾಣುತ್ತಣ್ಣ? ಅಲ್ಲಾಡ್ತು. ಬಿಡು ಅಂದೆ."

ದುಗ್ಗಣ್ಣ ಮರಿಯ ಕಡೆ ನೋಡಿದ. ಅದು ಬಾಯಿ ತೆರೆದು ಚೀಂಗುಟ್ಟುತ್ತಿತ್ತು. ಇದನ್ನು ಉಳಿಸಿಕೊಳ್ಳಬೇಕು, ಅಷ್ಟೇ ತಾನೆ ಅಂದುಕೊಂಡ. ಮಾರನೆಯ ಬೆಳಿಗ್ಗೆ ಕೆಂಪು ಗೆರೆಯಿದ್ದ ಒಂದು ದೊಡ್ಡ ಕಲ್ಲು ಆರಿಸಿ ಹಾರಿದ.

ಮೋಡದ ಅಂಚಿನಲ್ಲಿ ನಾಗಿ ಕಿರುಚಿದಳು. "ಕಿವಿ! ಹುಲ್ಲಲ್ಲಿ ಎರಡು ಕಿವಿ ನೆಟ್ಟಗೆ ನಿಂತಿವೆ! ನರಿ ಹೊಂಚು ಹಾಕಿದೆ! ಬಿಡು!"

ಬಿಟ್ಟ. ಕತ್ತು ಬಗ್ಗಿಸಲಿಲ್ಲ.

ನಾಗಿ ಕುಣಿದಳು. "ನೇರ ನೆತ್ತಿಗೆ, ಅಣ್ಣ! ಕಿವಿ ಅಲ್ಲಾಡಲೇ ಇಲ್ಲ!" ಬಂಡೆಯ ಮೇಲೆ ಜಯಕಾರ. ದಳವಾಯಿ ತನ್ನ ಪಾಲಿನ ಮೀನನ್ನೇ ದುಗ್ಗಣ್ಣನಿಗೆ ಕೊಟ್ಟ.

ಮರುದಿನ ಬೆಳಗ್ಗೆ ಬಯಲಿನಲ್ಲಿ ಒಂದು ಸದ್ದೂ ಇಲ್ಲ. ದುಗ್ಗಣ್ಣ ನೀರು ಕುಡಿಯಲು ಹಳ್ಳಕ್ಕೆ ಹೋದ. ನಿಶ್ಚಿಂತೆಯಿಂದ ಹೋದ; ನರಿ ಬಂದರೆ ಸಾತವ್ವ ಅರಚುತ್ತಾಳೆ. ತಿರುಗಿ ಬಂದಾಗ ಕೆಳಗಿನ ಜಗಲಿಯಲ್ಲಿ ಗೂಡಿನ ಕಡ್ಡಿಗಳು ಚೆಲ್ಲಾಡಿದ್ದವು. ನರಿಯ ಹೆಜ್ಜೆ ಮೂಡಿತ್ತು. ಮರಿ ಇರಲಿಲ್ಲ.

ದುಃಖಕ್ಕಿಂತ ಮೊದಲು ಸಿಟ್ಟು ಬಂತು ನೋಡಿ. "ಸಾತವ್ವಾ! ಸತ್ತಿದ್ದೆಯೇನೇ? ಒಂದು ಕೂಗು ಕೂಗೋಕೆ ನಿನಗೇನಾಗಿತ್ತು?" ಅಂತ ಬೈಯುತ್ತಲೇ ಬಯಲಿಗೆ ಧುಮುಕಿದ.

ಬೆಣಚುಕಲ್ಲಿನ ಸುತ್ತು ಹಾಗೇ ಇತ್ತು. ನಡುವೆ ಕೆಂಪು ಗೆರೆಯ ಕಲ್ಲು. ಕಲ್ಲಿನ ಅಂಚಿನಿಂದ ಎರಡು ಹಳದಿ ಕಾಲು ಇನ್ನೂ ಆಕಾಶದ ಕಡೆ ಚಾಚಿಕೊಂಡೇ ಇದ್ದವು.

ಆ ಬಯಲಲ್ಲಿ ಆಕಾಶಕ್ಕೆ ಕಾಲು ಚಾಚುವವಳು ಒಬ್ಬಳೇ. ಅದು ದುಗ್ಗಣ್ಣನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಒಂದೇ ಒಂದು ಸಲ ಕತ್ತು ಬಗ್ಗಿಸಿದ್ದರೆ!

ಮುದಿ ಮೊಲ ಹುಲ್ಲಿನಿಂದ ಇಣುಕಿತು. "ಓಡಿ ಬಾರವ್ವ ಅಂತ ಎಷ್ಟು ಕರೆದೆ. 'ಮೊಟ್ಟೆಗೆ ಕಾಲಿಲ್ಲವಲ್ಲ, ತಾತ. ನನಗೆರಡಿವೆ, ಎತ್ತಿ ಹಿಡಿದಿರ್ತೀನಿ' ಅಂದಳು. ಆಕಾಶ ಬಿದ್ದೇ ಬಿಟ್ಟಿತು. ಅವಳು ಹೇಳಿದ್ದು ಸುಳ್ಳೇನಲ್ಲ ನೋಡು."

ದುಗ್ಗಣ್ಣ ಕಲ್ಲನ್ನು ಪಕ್ಕಕ್ಕೆ ಉರುಳಿಸಿದ. ಮೂರು ಮೊಟ್ಟೆ ಚಪ್ಪಟೆ. ಒಂದು ಮಾತ್ರ ಅವಳ ರೆಕ್ಕೆಯ ಸಂದಿಯಲ್ಲಿ, ಬಿರುಕಿಲ್ಲದೆ, ಉಳಿದಿತ್ತು.

ಬೆಟ್ಟಕ್ಕೆ ಹೋಗಿ ಎಲ್ಲರ ಮುಂದೆ ಹೇಳಿದ. "ನಿನ್ನೆ ಬಿದ್ದದ್ದು ನರಿಯಲ್ಲ, ಸಾತವ್ವ."

ದಳವಾಯಿ ಕೊಕ್ಕು ಒರೆಸಿಕೊಂಡ. "ಅವಳು ಅಲ್ಲಿ ಯಾಕಿದ್ದಳು?"

"ಅದು ಅವಳ ಮನೆ."

ನಾಗಿ ಮೆಲ್ಲಗೆ, "ಬಿಡು ಅಂದದ್ದು ನಾನು, ಅಣ್ಣ," ಅಂದಳು.

"ಬಿಟ್ಟದ್ದು ನಾನು, ತಂಗಿ."

"ಬಿಡಿಸಿದ್ದು ಯಾರು ಅಂತ ಯಾರಾದರೂ ಹೇಳ್ತೀರಾ?" ಅಂತ ಹಿಂದಿನಿಂದ ಒಂದು ಹದ್ದು ಗೊಣಗಿತು. ದಳವಾಯಿಗೆ ಕಿವಿ ಮಂದ, ಮಕ್ಕಳೇ. ಬೇಕಾದಾಗ ಮಾತ್ರ.

"ಮರಿ ಹೋದ ದುಃಖದಲ್ಲಿ ಏನೋ ಬಡಬಡಿಸ್ತಿದ್ದಾನೆ," ಅಂದ ದಳವಾಯಿ. "ಇವನಿಗೆ ಇನ್ನೊಂದು ಕಲ್ಲು ಕೊಡಿ."

ದುಗ್ಗಣ್ಣ ಮುಟ್ಟಲಿಲ್ಲ. ಬಯಲಿಗೆ ಇಳಿದು, ಆ ಬೆಣಚುಕಲ್ಲಿನ ಸುತ್ತಿನೊಳಗೆ ಮೊಟ್ಟೆಯನ್ನು ಮೈಗೆ ಒತ್ತಿಕೊಂಡು ಅಂಗಾತ ಮಲಗಿದ. ಕಪ್ಪು ಉಗುರಿನ ಕಾಲೆರಡನ್ನೂ ಆಕಾಶಕ್ಕೆ ಚಾಚಿದ. ಹದ್ದು ಹಾಗೆ ಮಲಗಿದ್ದನ್ನು ಬಯಲು ಎಂದೂ ಕಂಡಿರಲಿಲ್ಲ. ಆದರೂ ಈ ಸಲ ಯಾರೂ ನಗಲಿಲ್ಲ.

ಮಧ್ಯಾಹ್ನ ಮತ್ತೆ ರೆಕ್ಕೆಯ ನೆರಳುಗಳು ಬಂದವು. ಮೋಡದಂಚಿನಲ್ಲಿ ನಾಗಿ, ಜೊತೆಗೆ ಕಲ್ಲು ಹೊತ್ತ ಬೇರೊಂದು ಹದ್ದು. ಹುಲ್ಲಿನಲ್ಲಿ ಎರಡು ನೆಟ್ಟನೆಯ ಕಿವಿ ಕಂಡವು. ನಾಗಿಯ ಬಾಯಿ ತೆರೆಯಿತು. 'ಬಿಡು' ಹೊರಡಲಿಲ್ಲ. ಅವಳು ರೆಕ್ಕೆ ಮಡಚಿ, ಜನ್ಮದಲ್ಲಿ ಮೊದಲ ಸಲ, ಕೆಳಗಿಳಿದು ನೋಡಿದಳು. ನೋಡಿ ತಿರುಗಿ ಹೋಗಲಿಲ್ಲ. ದುಗ್ಗಣ್ಣನ ಪಕ್ಕದಲ್ಲೇ ಮಲಗಿ ತನ್ನ ಕಾಲೂ ಎತ್ತಿದಳು. ಮೇಲಿದ್ದವನು ಗುರಿ ಹೇಳುವವರಿಲ್ಲದೆ ಸುತ್ತಿ ಸುತ್ತಿ, ಕೊನೆಗೆ ಕಲ್ಲನ್ನು ಹಳ್ಳಕ್ಕೆ ಹಾಕಿ ಮನೆಗೆ ಹೋದ.

ಸ್ವಲ್ಪ ದಿನದಲ್ಲೇ ಮೊಟ್ಟೆ ಒಡೆದು ಪುಟ್ಟ ಟಿಟ್ಟಿಭವೊಂದು ಹೊರಬಂತು. ಅವತ್ತೇ ಅದು ಬೆಟ್ಟ ಬಿರಿಯುವಂತೆ ಅರಚಿತು.

ಎಲ್ಲ ನಿಜ. ಹುಲಿಯ ಬ್ರಷ್ಷೂ ನಿಜ, ತೆಂಗಿನಕಾಯಿ ಗಾತ್ರದ ಕಲ್ಲೂ ನಿಜ. ಒಂದು ಸಣ್ಣ ಸಂಗತಿ ಮಾತ್ರ ನಾನು ಸೇರಿಸಿದ್ದು, ನಿಮ್ಮ ಮುಖ ನೋಡಲಾರದೆ. ಒಂದು ಮೊಟ್ಟೆ ಉಳಿದಿತ್ತು ಅಂದೆನಲ್ಲ, ಅದು. ನಾಲ್ಕೂ ಒಡೆದಿದ್ದವು. ದುಗ್ಗಣ್ಣ ಕಾಲೆತ್ತಿ ಕಾಯುತ್ತಿದ್ದದ್ದು ಬರಿಯ ಚಿಪ್ಪನ್ನು.

ನೀತಿ: ಮೋಡದಿಂದ ನೋಡುವವನಿಗೆ ಎಲ್ಲರೂ ನರಿಗಳೇ, ಕಲ್ಲು ಬಿಡುವ ಮುಂಚೆ ಕೆಳಗಿಳಿದು ಹೆಸರು ಕೇಳು, ಬಿಟ್ಟ ಮೇಲೆ ಕೇಳಿದರೆ ಹೇಳುವವರು ಇರುವುದಿಲ್ಲ.